ಯೆಲ್ಲೋಸ್ಟೋನ್‌ಗೆ ಹೊರಟಿರುವ ಹಾಸನದವರಿಗೆ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ನಮ್ಮ ಗುಂಪಿನಲ್ಲಿ ಜಾಸ್ತಿ ಅಲ್ವಾ? ಅಲ್ಲಿನ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡುವ ಆಸೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಒಳಗಿನ ಹೆಚ್ಚಿನ ರಸ್ತೆಗಳಿಗೆ ಕಾರು ಬಿಡುವುದಿಲ್ಲ.

ಜೂನ್ ಅಂದರೆ ಸೆಕೆ ಅಂದುಕೊಳ್ಳಬೇಡಿ. ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಚಿಲುಮೆ ಇರುವ ಜಾಗ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಸ್ವೆಟರ್ ಬೇಕೇ ಬೇಕು. ಈ ಚಿಲುಮೆ ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಮುಂದಿನದು ಎಷ್ಟು ಹೊತ್ತಿಗೆ ಎಂದು ಪಕ್ಕದ ಮಾಹಿತಿ ಕೇಂದ್ರದಲ್ಲಿ ಹಾಕಿರುತ್ತಾರೆ. ನಾವು ಆ ಸಮಯ ನೋಡಿಕೊಳ್ಳಲಿಲ್ಲ. ಕಾರಲ್ಲಿ ಕೂತು ಚಿತ್ರಾನ್ನದ ಡಬ್ಬಿ ಮುಚ್ಚುವಷ್ಟರಲ್ಲಿ ಮುಗಿದೇ ಹೋಗಿತ್ತು!

ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಣ್ಣದ ಕೊಳಕ್ಕೆ ಮಾತ್ರ ಬೆಳಗಿನ ಚಳಿಯಲ್ಲಿ ಹೋಗಬೇಡಿ, ಬರೀ ಹಬೆ ಕಾಣುತ್ತದೆ. ಬಿಸಿಲೇರಿದ ಮೇಲೆ ನಡುವೆ ಕಡು ನೀಲಿ, ಅಂಚಿಗೆ ಹಳದಿ, ಕಿತ್ತಳೆ. ಅಂಚಿನ ಬಣ್ಣ ಬಿಸಿನೀರಲ್ಲೇ ಬದುಕುವ ಸೂಕ್ಷ್ಮಜೀವಿಗಳದ್ದು. ಹತ್ತಿರದಿಂದ ಪೂರ್ತಿ ಕಾಣದು. ಫೇರಿ ಫಾಲ್ಸ್ ದಾರಿಯಲ್ಲಿ ಸುಮಾರು 1 ಕಿ.ಮೀ. ನಡೆದರೆ ಮೇಲಿನಿಂದ ನೋಡುವ ಕಟ್ಟೆ ಇದೆ. ಮಂಡಿ ನೋವಿನವರು ನಿಧಾನಕ್ಕೆ ಹತ್ತಬಹುದು.

ಮರದ ಹಲಗೆಯ ದಾರಿ ಬಿಟ್ಟು ಕಾಲಿಡಲೇಬೇಡಿ. ಪಕ್ಕದ ನೆಲ ಗಟ್ಟಿಯಂತೆ ಕಾಣುತ್ತದೆ, ಆದರೆ ಕಾದ ಹಾಲಿನ ಮೇಲಿನ ಕೆನೆ ಇದ್ದ ಹಾಗೆ. ಕೆಳಗೆ ಕುದಿಯುವ ನೀರು. ತೀರ್ಥ ಅಂತ ಕೈ ಅದ್ದುವ ಅಭ್ಯಾಸ ಇರುವವರು ಜೋಪಾನ. ಟೋಪಿ ಗಾಳಿಗೆ ಹಾರಿದರೆ ಹೋಗಲಿ ಬಿಡಿ.

ಒಳಗೆ ಮೊಬೈಲ್ ಸಿಗ್ನಲ್ ಸಿಗುವುದು ಅಪರೂಪ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.