ಎಣ್ಣೆ ಚುಕ್ಕೆಯ ಕಾಗದ ಹಿಡಿದು ಮೂರು ರಿಂಗಿನ ಬ್ಯಾಟ್ರಿ ಅಳೆದ ನನ್ನ ಅನುಭವ

ನಮ್ಮ ಸಿಂಧನೂರು ಕಡೆ ಟಾರ್ಚಿಗೆ ಬ್ಯಾಟ್ರಿ ಅಂತೀವಿ, ಒಳಗೆ ಹಾಕುವುದಕ್ಕೆ ಶೆಲ್ಲು. ಇಲ್ಲೂ ಹಾಗೇ ಬರೆಯುತ್ತೇನೆ. ಅಂಗೈಯಲ್ಲಿ ಹಿಡಿಸುವ, ಕತ್ತಿನ ಹತ್ತಿರ ರಿಂಗು ತಿರುಗಿಸಿದರೆ ಬೆಳಕು ಹೆಚ್ಚು ಕಡಿಮೆ ಆಗುವ ಬ್ಯಾಟ್ರಿ ಎರಡು ವರ್ಷದಿಂದ ನನ್ನ ಜೇಬಲ್ಲಿದೆ. ಮೊದಲ ಸಲ ಅದನ್ನು ಹಿಡಿದು ನೀರು ಕಟ್ಟಲು ಹೊರಟಾಗ ಕಟ್ಟೆ ಮೇಲೆ ಕೂತಿದ್ದ ದೊಡ್ಡಪ್ಪ ಎಲ್ಲರ ಮುಂದೆ ಅಂದಿದ್ದರು: "ತಮ್ಮಾ, ಮೂರು ಶೆಲ್ಲಿನ ಬ್ಯಾಟ್ರಿ ಹಿಡದ್ರೂ ಆಚಿ ದಂಡಿ ಕಾಣಂಗಿಲ್ಲ. ಇದು ಹುಡುಗರು ಆಡೋ ಸಾಮಾನು ಐತಿ." ಈಗ ಅದೇ ದೊಡ್ಡಪ್ಪ ತಮ್ಮ ಬ್ಯಾಟ್ರಿಯ ರಿಂಗಿಗೂ ನನ್ನ ಕೈಯಲ್ಲೇ ಬೆಳಕಿನ ಗುರುತಿನ ಚುಕ್ಕೆ ಇಡಿಸಿಕೊಂಡಿದ್ದಾರೆ. ಆ ಚುಕ್ಕೆ ಏನು, ಹೇಗೆ ಇಟ್ಟೆ ಎನ್ನುವುದನ್ನೇ ಬರೆಯುತ್ತಿದ್ದೇನೆ.

ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೊನೆಗೆ. ಕೊನೆಯವರ ಪಾಡು ನಿಮಗೆ ಗೊತ್ತು. ನೀರು ಬರುವುದು ರಾತ್ರಿ, ಮೇಲಿನವರು ಮಲಗಿದ ಮೇಲೆ. ಹಳ್ಳದ ಮೋಟರಿನ ತ್ರೀಫೇಸ್ ಕರೆಂಟೂ ಹೆಚ್ಚಾಗಿ ರಾತ್ರಿಯೇ. ತೂಬು ನೋಡಬೇಕು, ಬದು ಒಡೆದಿದೆಯಾ ನೋಡಬೇಕು, ಸ್ಟಾರ್ಟರ್ ಡಬ್ಬಿ ತೆಗೆದು ಫ್ಯೂಜ್ ನೋಡಬೇಕು, ನೆಲ್ಲಿನ ಬುಡ ಬಿಡಿಸಿ ಕಂದು ಜಿಗಿಹುಳು ಕೂತಿದೆಯಾ ನೋಡಬೇಕು. ಒಂದೊಂದಕ್ಕೆ ಒಂದೊಂದು ಬೆಳಕು ಬೇಕು. ಬಟನ್ ಒತ್ತಿ ಒತ್ತಿ ಬದಲಿಸುವ ಬ್ಯಾಟ್ರಿಯಲ್ಲಿ ಬೇಕಾದ ಬೆಳಕು ಬರುವ ಮೊದಲು ಒಮ್ಮೆ ಫುಲ್ಲು, ಒಮ್ಮೆ ಮಿಣಮಿಣ ಆಗಿ, ಕತ್ತಲಿಗೆ ಒಗ್ಗಿದ್ದ ಕಣ್ಣು ಕೆಡುತ್ತದೆ. ಮತ್ತೆ ಒಗ್ಗಲು ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲ. ಅದಕ್ಕೇ ನಾನು ರಿಂಗಿನ ಹಿಂದೆ ಬಿದ್ದದ್ದು.

ಮೊದಲು ದುಡ್ಡು ಹಾಳಾದದ್ದು ಹೇಳುತ್ತೇನೆ. ಆನ್‌ಲೈನಲ್ಲಿ ರಿಂಗು ಇರುವ ಫೋಟೋ ನೋಡಿ ಸುಮಾರು 650 ರೂಪಾಯಿಗೆ ಒಂದು ತರಿಸಿದೆ. ಬಂದದ್ದು ಜೂಮ್ ರಿಂಗು. ತಿರುಗಿಸಿದರೆ ಬೆಳಕು ಅಗಲ ಸಣ್ಣ ಆಗುತ್ತದೆ, ಜೋರು ಮೆಲ್ಲಗೆ ಆಗುವುದಿಲ್ಲ. ವಾಪಸ್ ಕಳಿಸುವ ದಿನವೂ ದಾಟಿತ್ತು. ಆಮೇಲೆ ಶೆಲ್ಲು. 18650 ಅನ್ನುವ ಅಳತೆಯ ಶೆಲ್ಲಿನ ಮೇಲೆ 9800 ಎಂಎಎಚ್ (ಶೆಲ್ಲು ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತ ಬರೆದದ್ದನ್ನು ನಂಬಿ ನಾಲ್ಕು ಕೊಂಡೆ. ಆ ಅಳತೆಯ ಒಳ್ಳೆಯ ಶೆಲ್ಲು 3500ರ ಆಸುಪಾಸಿಗೇ ನಿಲ್ಲುತ್ತದೆ ಅಂತ ಆಗ ಗೊತ್ತಿರಲಿಲ್ಲ. ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ: ಒಳ್ಳೆಯದು 45 ಗ್ರಾಂ ಮೇಲೆ, ಇವು ಮೂವತ್ತು ಚಿಲ್ಲರೆ. ಅಂದಿನಿಂದ ಯಾವ ಶೆಲ್ಲು ಬಂದರೂ ಮೊದಲು ತಕ್ಕಡಿ, ಆಮೇಲೆ ಚಾರ್ಜರ್.

ರಿಂಗಿನ ಬ್ಯಾಟ್ರಿ ಹೊಸದೇನಲ್ಲ. ಜೆಟ್‌ಬೀಮ್, ಸನ್‌ವೇಮನ್, ನೈಟ್‌ಐ ಕಂಪನಿಯವರೆಲ್ಲ ಹತ್ತು ವರ್ಷಕ್ಕೂ ಹಿಂದೆಯೇ ಮಾಡಿದ್ದಾರೆ. ನನ್ನ ಕೈಗೆ ಬಂದ ಮೂರರ ಕಂಪನಿ ಹೆಸರು ಹೇಳುವುದಿಲ್ಲ, ಒಂದೊಂದು ಪೀಸಿಗೆ ಮಾಲು ಬದಲಾಗುತ್ತದೆ. ಬಣ್ಣದ ಮೇಲೆ ಕರೆಯುತ್ತೇನೆ. ಕರಿಯದು, 3800 ರೂಪಾಯಿ ಆಸುಪಾಸು. ಇದಕ್ಕೆ ಬಟನ್ನೇ ಇಲ್ಲ, ಹಚ್ಚುವುದೂ ಆರಿಸುವುದೂ ರಿಂಗಿನಿಂದಲೇ. ಬೂದಿ ಬಣ್ಣದ್ದು ಬೆಂಗಳೂರಿನ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್, 2500. ಹಿಂದೆ ಬಟನ್, ಮುಂದೆ ರಿಂಗು. ಮೂರನೆಯದು ಕೆಂಪಂದು, 1400. ಮೂರೂ 16340 ಅನ್ನುವ ಗಿಡ್ಡ ಶೆಲ್ಲಿನವು.

ಮೊದಲ ಎರಡು ಮೂರು ತಿಂಗಳು ಎಲ್ಲರಂತೆ ನಾನೂ ಫುಲ್ಲಿಗೆ ಇಟ್ಟು ಗೋಡೆಗೆ ಹೊಡೆದು ನೋಡಿದೆ. ಕೆಂಪಂದು ಗೆದ್ದಿತು. ದೊಡ್ಡಪ್ಪನ ಮುಂದೆ "1400 ರೂಪಾಯಿದು 3800ರದನ್ನ ಹೊಡೀತು ನೋಡ್ರಿ" ಅಂತಲೂ ಅಂದಿದ್ದೆ. ಆದರೆ ಹೊಲದಲ್ಲಿ ಕೆಂಪಂದು ಮಧ್ಯರಾತ್ರಿಗೇ ಸಾಯುತ್ತಿತ್ತು. ಫುಲ್ಲಲ್ಲಿ ಈ ಮೂರು ಬ್ಯಾಟ್ರಿಗಳೂ ಮುಕ್ಕಾಲು ಗಂಟೆಯೊಳಗೆ ಶೆಲ್ಲು ಖಾಲಿ ಮಾಡುತ್ತವೆ, ಕೈ ಸುಡುತ್ತವೆ. ನಾವು ರಾತ್ರಿಯಿಡೀ ಫುಲ್ಲಲ್ಲಿ ಇಡುವುದೇ ಇಲ್ಲ. ಹೋಲಿಸಬೇಕಾದದ್ದು ಬದುವಿನ ಮೇಲೆ ನಡೆಯುವ ಬೆಳಕನ್ನು. ರಿಂಗು ತಿರುಗಿಸಿ ಮೂರನ್ನೂ ಒಂದೇ ಬೆಳಕಿಗೆ ತಂದು, ಆಮೇಲೆ ಯಾವುದು ಎಷ್ಟು ಕುಡಿಯುತ್ತದೆ ಅಂತ ನೋಡಬೇಕು. ರಿಂಗು ಇರುವುದರಿಂದಲೇ ಇದು ಸಾಧ್ಯ.

ಒಂದೇ ಬೆಳಕು ಅಂತ ಗೊತ್ತಾಗುವುದು ಹೇಗೆ? ಫೋನಿಗೆ ಬೆಳಕು ಅಳೆಯುವ ಲಕ್ಸ್ ಆಪ್ ಹಾಕಿದೆ. ಫೋನು ಒಂದಿಷ್ಟು ವಾಲಿದರೆ 40 ಇದ್ದದ್ದು 70. ಮಗಳ ಫೋನಲ್ಲಿ ಅದೇ ಬೆಳಕಿಗೆ ಇನ್ನೊಂದು ಅಂಕಿ. ಕರೆಂಟ್ ಕೆಲಸ ಮಾಡುವ ನನ್ನ ಸೋದರಮಾವನ ಮಗ "ಲಕ್ಸ್ ಮೀಟರ್ ಇಲ್ದ ಆಗಂಗಿಲ್ಲ ಬಿಡೋ, ಮೂರು ಸಾವಿರ ತೆಗಿ" ಅಂದ. ತೆಗೆಯಲಿಲ್ಲ. ಹಳೆಯ ಕಾಲದ ಎಣ್ಣೆ ಚುಕ್ಕೆಯ ಉಪಾಯ ನೆನಪಾಯಿತು. ಬುನ್ಸೆನ್ ಬರ್ನರಿನ ಬುನ್ಸೆನ್ ಇದ್ದಾರಲ್ಲ, ಅವರದೇ ಅದು. ಬಿಳಿ ಕಾಗದದ ನಡುವೆ ಒಂದು ಹನಿ ಎಣ್ಣೆ. ಹಿಂದೆ ಬೆಳಕು ಜಾಸ್ತಿ ಇದ್ದರೆ ಚುಕ್ಕೆ ಹೊಳೆಯುತ್ತದೆ, ಮುಂದೆ ಜಾಸ್ತಿ ಇದ್ದರೆ ಕಪ್ಪಾಗುತ್ತದೆ. ಎರಡೂ ಕಡೆ ಸಮ ಆದಾಗ ಎರಡೂ ಮಗ್ಗುಲಿಂದ ಒಂದೇ ಥರ ಕಾಣುತ್ತದೆ.

ಅದು 2024ರ ಆಗಸ್ಟ್. 10ನೇ ತಾರೀಕು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ನಾಟಿ ಮಾಡಿ ಕೂತವರಿಗೆ ನಿದ್ದೆ ಎಲ್ಲಿಂದ ಬರಬೇಕು? ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ (ಸ್ಟಾಪ್‌ಲಾಗ್) ಇಳಿಸಿ ನೀರು ನಿಲ್ಲಿಸುವ ತನಕ, ಹೆಚ್ಚು ಕಡಿಮೆ ಒಂದು ವಾರ, ಊರೆಲ್ಲ ಟಿವಿ ಮುಂದೆ. ನಾನು ಟಿವಿ ಕೇಳುತ್ತಾ ಬೀಜದ ರಟ್ಟಿನ ಪೆಟ್ಟಿಗೆ ಕತ್ತರಿಸಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಪೆಟ್ಟಿಗೆ ಒಳಗೆ ಪೂರ್ತಿ ಕಪ್ಪು ಬಣ್ಣ. ಎರಡು ತುದಿಗೆ ಬ್ಯಾಟ್ರಿ ತೂರಿಸುವ ತೂತು, ತೂತಿನ ಬಾಯಿಗೆ ಬಟರ್ ಪೇಪರ್. ಇಲ್ಲದಿದ್ದರೆ ನಡುವಿನ ಉರಿಯೊಂದೇ ಕಾಗದಕ್ಕೆ ಬೀಳುತ್ತದೆ. ಸರಿಯಾಗಿ ನಡುವೆ ಎಣ್ಣೆ ಚುಕ್ಕೆಯ ಕಾಗದ ನಿಲ್ಲಿಸಿ, ಅದರ ಎರಡೂ ಮಗ್ಗುಲಿಗೆ ಗಡ್ಡ ಮಾಡುವ ಕನ್ನಡಿಯ ತುಂಡು ಓರೆಯಾಗಿ ಅಂಟಿಸಿದೆ. ಮುಂದಿನ ಕಂಡಿಯಿಂದ ನೋಡಿದರೆ ಕಾಗದದ ಎರಡೂ ಮುಖ ಒಟ್ಟಿಗೆ ಕಾಣುತ್ತವೆ. ಶೇಂಗಾ ಎಣ್ಣೆ ಹಾಕಿದ ಮೊದಲ ಕಾಗದ ಬೆಳಗಾಗುವುದರೊಳಗೆ ಹರಡಿ ಅಂಗೈ ಅಗಲ ಆಯಿತು. ತುಪ್ಪ ಹಾಕಿದ್ದು ಇರುವೆ ಪಾಲಾಯಿತು. ಮೇಣದಬತ್ತಿಯ ಮೇಣವೇ ನಿಂತದ್ದು. ಬಾಯಲ್ಲಿ ಮಾತ್ರ ಇನ್ನೂ ಎಣ್ಣೆ ಕಾಗದ ಅಂತಲೇ ಉಳಿದಿದೆ.

ಮಾವನ ಮಗ ನಂಬಲಿಲ್ಲ. ಅವನಿಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿ ಎರಡೂ ಬ್ಯಾಟ್ರಿ ಸಮಕ್ಕೆ ತಂದೆ. ಆಮೇಲೆ ಅವನನ್ನೇ ಕೂರಿಸಿ, ಒಂದರ ರಿಂಗು ಕೆಡಿಸಿ, "ನೀನು ತಾ" ಅಂದೆ. ಮೂರು ಸಲ ತಂದ. ಮೂರು ಸಲವೂ ರಿಂಗು ನಾನು ಪೆನ್ಸಿಲಲ್ಲಿ ಗೆರೆ ಎಳೆದಿದ್ದ ಜಾಗದ ಹತ್ತಿರವೇ, ಒಂದು ಜೋಳದ ಕಾಳಿನಷ್ಟು ಆಚೀಚೆ. ಆಮೇಲೆ ಮೀಟರಿನ ಮಾತು ಎತ್ತಲಿಲ್ಲ.

ಒಂದು ತೊಡಕು ಮಾತ್ರ ಬಹಳ ಕಾಡಿತು. ಬೂದಿಯದರ ಬೆಳಕು ಹಳದಿಗೆ ವಾಲುತ್ತದೆ, ಕರಿಯದು ನೀಲಿ ಬಿಳಿ. ಬಣ್ಣ ಬೇರೆ ಆದಾಗ ಕಣ್ಣು ನೀಲಿಯದನ್ನೇ ಜೋರು ಅನ್ನುತ್ತದೆ. ಅದಕ್ಕೊಂದು ದಾರಿ ಕಂಡುಕೊಂಡಿದ್ದೇನೆ, ಖರ್ಚು ಎರಡು ರೂಪಾಯಿ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮಲ್ಲಿಗೆ ಬಂದವರಿಗೆ ತೋರಿಸುತ್ತೇನೆ.

ಸಮ ಆದ ಮೇಲೆ ಹಿಂದಿನ ಮುಚ್ಚಳ ತೆಗೆದು ಮಲ್ಟಿಮೀಟರ್ ನಡುವೆ ಹಿಡಿದು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಅಳತೆ. ಮೊದಲ ದಿನವೇ ಮಿಲಿಆಂಪ್ ತೂತಿನಲ್ಲಿ ವೈರಿಟ್ಟು ರಿಂಗನ್ನು ಫುಲ್ಲಿಗೆ ತಿರುಗಿಸಿ ಮೀಟರಿನ ಫ್ಯೂಜ್ ಸುಟ್ಟೆ. ರಿಂಗು ತಿರುಗಿಸುವ ಮೊದಲು ವೈರು ಯಾವ ತೂತಲ್ಲಿದೆ ನೋಡಿಕೊಳ್ಳಿ. ನಡೆಯುವ ಬೆಳಕಲ್ಲಿ ನೆನಪಿದ್ದ ಲೆಕ್ಕ: ಕರಿಯದು 40 ಮಿಲಿಆಂಪ್ ಹತ್ತಿರ, ಬೂದಿ 50ರ ಆಸುಪಾಸು, ಕೆಂಪಂದು 95. ಕಾಗದಕ್ಕೆ ಮೂರೂ ಒಂದೇ ಬೆಳಕು, ಕುಡಿಯುವುದು ಮಾತ್ರ ಎರಡು ಪಟ್ಟಿಗೂ ಹೆಚ್ಚು ವ್ಯತ್ಯಾಸ.

ಮೀಟರನ್ನು ನಂಬಿ ಕೂರದೆ ಒಂದೇ ಜಾತಿಯ 700 ಎಂಎಎಚ್ ಶೆಲ್ಲು ತುಂಬಿ ರಾತ್ರಿ 8 ಗಂಟೆಗೆ ಮೂರನ್ನೂ ಪಡಸಾಲೆಯಲ್ಲಿ ಹಚ್ಚಿಟ್ಟೆ. ಕೆಂಪಂದು ನಸುಕಿನ ಮೂರು ಗಂಟೆ ಹೊತ್ತಿಗೆ ಹೋಗಿತ್ತು. ಬೂದಿ ಮರುದಿನ ಒಂಬತ್ತರ ತನಕ. ಕರಿಯದು ಊಟದ ಹೊತ್ತಿಗೂ ಉರಿಯುತ್ತಿತ್ತು, ಒಂದು ಗಂಟೆ ದಾಟಿ ಆರಿತು. ನಮ್ಮಾಕೆ "ಹಗಲೊತ್ತು ದೀಪ ಹಚ್ಚಿ ಕುಂತೀರಲ್ರೀ" ಅಂದರೂ ಕಾಲಲ್ಲಿ ಎಡವದಂತೆ ಮಂಚದ ಕೆಳಗೆ ಸರಿಸಿಟ್ಟಳು, ಆರಿಸಲಿಲ್ಲ.

ಕೆಂಪಂದು ಯಾಕೆ ಅಷ್ಟು ಕುಡಿಯುತ್ತದೆ ಅಂದರೆ ಒಳಗೆ ಪಿಡಬ್ಲ್ಯೂಎಂ. ಬೆಳಕು ಕಡಿಮೆ ಮಾಡುವುದಿಲ್ಲ, ಫುಲ್ಲನ್ನೇ ಪಟಪಟ ಹಚ್ಚಿ ಆರಿಸುತ್ತದೆ. ಫುಲ್ಲಲ್ಲಿ ಉರಿಯುವಾಗ ಅಷ್ಟೇ ಬೆಳಕಿಗೆ ಹೆಚ್ಚು ಕರೆಂಟ್ ಬೇಕು. ಫೋನ್ ಕ್ಯಾಮೆರಾದಲ್ಲಿ ನೋಡಿದರೆ ಪಟ್ಟೆ ಪಟ್ಟೆ. ತೂಬಿನಿಂದ ಬೀಳುವ ನೀರಿಗೆ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ, ನೀರು ಎಳೆಯಾಗಿ ಬೀಳದೆ ಮಣಿ ಪೋಣಿಸಿದಂತೆ ಹನಿ ಹನಿಯಾಗಿ ನಿಲ್ಲುತ್ತದೆ. ಅಂಗಡಿಯಲ್ಲಿ ಬ್ಯಾಟ್ರಿ ಕೊಳ್ಳುವಾಗ ತಿರುಗುವ ಫ್ಯಾನಿಗೆ ಸಣ್ಣ ಬೆಳಕು ಹಿಡಿದು ನೋಡಿ, ರೆಕ್ಕೆ ತುಂಡು ತುಂಡಾಗಿ ಕಂಡರೆ ಅದೇ ಜಾತಿ. ಕೆಂಪಂದರ ರಿಂಗಿನ ಕೆಳಗೆ ರೇಡಿಯೋ ವಾಲ್ಯೂಮಿನ ಥರದ್ದು ಕೂತಿದೆ. ಧೂಳು ಹೋಗಿ ಆರು ತಿಂಗಳಿಗೆ ಮಿಣುಕಲು ಶುರುವಾಯಿತು. ಸಾಲದ್ದಕ್ಕೆ ಮೊದಲ ಕಾಲು ಸುತ್ತಿನಲ್ಲೇ ಬೆಳಕೆಲ್ಲ ಏರಿ ಮುಗಿದಂತೆ ಕಾಣುತ್ತದೆ, ಸಣ್ಣ ಬೆಳಕನ್ನು ಬೇಕಾದಲ್ಲಿ ನಿಲ್ಲಿಸಲು ಆಗುವುದಿಲ್ಲ.

ಉಳಿದೆರಡರಲ್ಲಿ ರಿಂಗಿನೊಳಗೆ ಅಯಸ್ಕಾಂತ, ಮೈಯೊಳಗೆ ಅಯಸ್ಕಾಂತ ಸರಿದದ್ದನ್ನು ಗುರುತಿಸುವ ಹಾಲ್ ಸೆನ್ಸರ್. ರಿಂಗಿನ ಕೆಳಗೆ ಮೈಗೆ ತೂತಿಲ್ಲ, ಅಲ್ಲಿಂದ ನೀರು ಹೋಗುವ ದಾರಿಯೇ ಇಲ್ಲ. ಕರಿಯದು ಎರಡು ಸಲ ಗದ್ದೆಯ ಕೆಸರಲ್ಲಿ ಬಿದ್ದರೂ ಏನೂ ಆಗಿಲ್ಲ. ಆದರೆ ಅಯಸ್ಕಾಂತಕ್ಕೂ ಒಂದು ಕಾಟ ಇದೆ. ಹೊಳೆ ದಂಡೆಯಲ್ಲಿ ಕೂತಿದ್ದಾಗ ಬ್ಯಾಟ್ರಿಯನ್ನು ಮರಳ ಮೇಲೆ ಇಟ್ಟೆ. ಮರಳಿನಲ್ಲಿ ಕಪ್ಪು ಕಾಳು ಇರುತ್ತಲ್ಲ, ಚಿಕ್ಕವರಿದ್ದಾಗ ಅಯಸ್ಕಾಂತ ಎಳೆದು ಗಡ್ಡ ಬರಿಸುತ್ತಿದ್ದೆವಲ್ಲ, ಅದು ಪೂರ್ತಿ ರಿಂಗಿಗೆ ಮೆತ್ತಿತು. ತಿರುಗಿಸಿದರೆ ಕರಕರ. ತೊಳೆದರೆ ಹೋಗುವುದಿಲ್ಲ. ಇನ್ನೊಂದು ದೊಡ್ಡ ಅಯಸ್ಕಾಂತ ಹತ್ತಿರ ಹಿಡಿದೇ ಎಳೆಯಬೇಕು. ಆಮೇಲೆ ಸಲೀಸಾಗಲಿ ಅಂತ ಗಾಡಿಯ ಬೇರಿಂಗ್ ಗ್ರೀಸ್ ಹಚ್ಚಿದೆ, ಅದು ದೊಡ್ಡ ತಪ್ಪು. ಮೇ ತಿಂಗಳ ನಮ್ಮ ಬಿಸಿಲಿಗೆ ಮೆತ್ತಗಾಗಿ ಇಳಿಯಿತು, ನೀರು ತಡೆಯುವ ರಬ್ಬರ್ ಬಳೆ (ಓ-ರಿಂಗ್) ಉಬ್ಬಿ ಮುಚ್ಚಳ ಕೂರದಾಯಿತು. ಈಗ ಸಿಲಿಕಾನ್ ಗ್ರೀಸ್, ಜೊತೆಗೆ ಇನ್ನೊಂದು ಪದಾರ್ಥ ಚಿಟಿಕೆ. ಆ ಚಿಟಿಕೆ ನನ್ನ ಹತ್ತಿರವೇ ಇರಲಿ.

ಬಟನ್ ಇಲ್ಲದ ಕರಿಯದರ ಇನ್ನೊಂದು ಗುಣ: ಆರಿಸಿಟ್ಟರೂ ಒಳಗೆ ಸೆನ್ಸರ್ ಎಚ್ಚರವಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳು ಕಪಾಟಿನಲ್ಲಿಟ್ಟು ತೆಗೆದರೆ ಶೆಲ್ಲು ಅರ್ಧಕ್ಕೆ ಇಳಿದಿತ್ತು. ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿಟ್ಟರೆ ಪೂರ್ತಿ ನಿಲ್ಲುತ್ತದೆ. ಬೂದಿಯದಕ್ಕೆ ಈ ತಾಪತ್ರಯ ಇಲ್ಲ, ಬಟನ್ ಇದೆ.

ಇನ್ನು ಚುಕ್ಕೆ. ರಿಂಗಿನ ಮೇಲೆ ಮಗಳ ನೇಲ್ ಪಾಲಿಶಿನಿಂದ ಐದು ಚುಕ್ಕೆ ಇಟ್ಟಿದ್ದೇನೆ. ಪೆಟ್ಟಿಗೆಯಲ್ಲಿ ಸಮ ಮಾಡಿಯೇ ಇಟ್ಟದ್ದು. ನಮ್ಮ ಮನೆಯ ಯಾವ ಬ್ಯಾಟ್ರಿ ಹಿಡಿದರೂ ಎರಡನೇ ಚುಕ್ಕೆ ಅಂದರೆ ಅದೇ ಬೆಳಕು. ಒಂದು ಸ್ಟಾರ್ಟರ್ ಡಬ್ಬಿಗೆ, ಎರಡು ನೆಲ್ಲಿನ ಬುಡಕ್ಕೆ, ಮೂರು ಬದುವಿಗೆ, ನಾಲ್ಕು ತೂಬಿಗೆ, ಐದು ಆಚೆ ದಂಡೆಗೆ ಅರ್ಧ ನಿಮಿಷ. ಬದುವಿನ ಮೇಲೆ ಶೆಲ್ಲು ಉಳಿಸಲು ಎರಡಕ್ಕೆ ಇಳಿಸಬೇಡಿ. ಕೊಳಕುಮಂಡಲ ಒಣ ಹುಲ್ಲಿನ ಬಣ್ಣದಲ್ಲೇ ಬಿದ್ದಿರುತ್ತದೆ, ಆ ಬೆಳಕಿಗೆ ಗುರುತು ಹತ್ತುವುದಿಲ್ಲ.

ಎರಡನೇ ಚುಕ್ಕೆಯೇ ನನ್ನ ಹೆಮ್ಮೆ. ಹೋದ ಮುಂಗಾರಿನಲ್ಲಿ ದೊಡ್ಡಪ್ಪನ ಗದ್ದೆಯಲ್ಲಿ ಅವರ ದೊಡ್ಡ ಬ್ಯಾಟ್ರಿ ಹಿಡಿದು ಬುಡ ನೋಡಿದರೆ ನೀರಿನ ಮೇಲೆ ಬೆಳಕು ಮಿಂಚಿ ಏನೂ ಕಾಣಲಿಲ್ಲ, ಸುತ್ತಲ ಹುಳವೆಲ್ಲ ಮುಖಕ್ಕೆ ಬಂದವು. ನಾನು ಕರಿಯದನ್ನು ಎರಡಕ್ಕೆ ಇಟ್ಟು ನೀರಿಗೆ ಒರಗಿದಂತೆ ಓರೆ ಹಿಡಿದೆ. ನೀರಿನಿಂದ ಎರಡು ಬೆರಳು ಮೇಲೆ, ದಂಟಿನ ಸುತ್ತ, ಅಕ್ಕಿ ನುಚ್ಚಿನಷ್ಟು ಕಂದು ಹುಳು ತಲೆ ಮೇಲೆ ಮಾಡಿ ಸಾಲಾಗಿ ಕೂತಿದ್ದವು. ದೊಡ್ಡಪ್ಪ ಮಂಡಿಯೂರಿ ಎಣಿಸಿದರು, ಒಂದು ಗುಡ್ಡೆಗೆ ಹದಿನೈದರ ಮೇಲೆ. ಮರುದಿನವೇ ನೀರು ಬಸಿದು, ಔಷಧಿ ಬುಡಕ್ಕೆ ಬೀಳುವಂತೆ ಹೊಡೆಸಿದರು. ಪಕ್ಕದ ಕ್ಯಾಂಪಿನಲ್ಲಿ, ಅಂದರೆ ಪಕ್ಕದ ಸಣ್ಣ ಊರಲ್ಲಿ, ಎಕರೆಗಟ್ಟಲೆ ಸುಟ್ಟಂತೆ ಆಯಿತು, ನಮ್ಮದು ಉಳಿಯಿತು. ಆ ವಾರವೇ ಅವರು ಬೂದಿಯ ಥರದ್ದೇ ಒಂದು ಬೇಕು ಅಂದದ್ದು.

ಎಲ್ಲ ಸೇರಿ ನನಗೆ ಹನ್ನೊಂದು ಸಾವಿರ ಖರ್ಚು ಬಿದ್ದಿದೆ, ಅದರಲ್ಲಿ ಮೂರು ಸಾವಿರ ಪೂರ್ತಿ ನಷ್ಟ. ಒಂದನ್ನೇ ಕೊಳ್ಳುವವರಿಗೆ ನಾನು ಬೂದಿಯ ಜಾತಿ ಹೇಳುತ್ತೇನೆ: ಅಯಸ್ಕಾಂತದ ರಿಂಗು, ಹಿಂದೆ ಬಟನ್, ಪಿಡಬ್ಲ್ಯೂಎಂ ಇಲ್ಲದ್ದು. ಕರಿಯದು ಹೆಚ್ಚು ಹೊತ್ತು ಉರಿಯುತ್ತದೆ ನಿಜ, ಆದರೆ ಮುಚ್ಚಳ ಸಡಿಲ ಮಾಡುವುದನ್ನು ನೆನಪಿಡುವವರಿಗೆ ಮಾತ್ರ. ಊರಲ್ಲಿ ಈಗ ಒಂಬತ್ತು ಹತ್ತು ಜನ ಪೆಟ್ಟಿಗೆ ಹತ್ತಿರ ಬಂದು ಚುಕ್ಕೆ ಇಡಿಸಿಕೊಂಡು ಹೋಗಿದ್ದಾರೆ. ಕಾಗದದ ಮೇಣ ಬೇಸಿಗೆಗೆ ಮೆತ್ತಗಾಗಿ ಅಂಚು ಹರಡಿದೆ, ಈ ಅಮವಾಸ್ಯೆಯೊಳಗೆ ಹೊಸದು ಹಾಕಬೇಕು.