ಗುಜರಿಗೆ ಕೊಡುವ ಮೊದಲು ಫ್ಯಾನ್ ಒಮ್ಮೆ ಬಿಚ್ಚಿ ನೋಡಿ

ಮೊದಲ ಸಲ ನಾನು ಚೆನ್ನಾಗಿಯೇ ಬೇಸ್ತು ಬಿದ್ದೆ. ತೋಟದ ಪಂಪಿನ ಮೋಟರು ಮೂರನೇ ಸಲ ಸುಟ್ಟಿತ್ತು, ವೈಂಡಿಂಗ್ ಮಾಡಿಸಿ ಮಾಡಿಸಿ ಸಾಕಾಗಿ ಹೊಸದು ತಂದೆವು. ಹಳೇದನ್ನು ಬದಿಯಡ್ಕದ ಕಡೆಯಿಂದ ಬಂದ ಗುಜರಿ ಗಾಡಿಗೆ ಇಡಿಯಾಗಿ ಕಬ್ಬಿಣದ ರೇಟಿಗೇ ಕೊಟ್ಟುಬಿಟ್ಟೆ. ಆತನ ತಪ್ಪಿಲ್ಲ, ನಾನು ಕೇಳಲಿಲ್ಲ ಅಷ್ಟೆ. ಮೋಟರಿನ ಒಳಗೆ ಸುತ್ತಿದ್ದು ತಾಮ್ರದ ತಂತಿ. ತಾಮ್ರಕ್ಕೂ ಕಬ್ಬಿಣಕ್ಕೂ ರೇಟಿನಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ಅಂತರ ಇದೆ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಕಾಸರಗೋಡಿನಲ್ಲಿ ತುಲಾ ತಿಂಗಳ ಸಿಡಿಲಿಗೆ ವರ್ಷಕ್ಕೊಂದಾದರೂ ಸಾಮಾನು ಸುಡುತ್ತದೆ. ಅದು ಸೀದಾ ಅಟ್ಟಕ್ಕೆ ಹೋಗುತ್ತದೆ. ನಿಮ್ಮ ಅಟ್ಟದಲ್ಲೂ ಫ್ಯಾನು, ಮಿಕ್ಸಿ, ಸ್ಟೆಬಿಲೈಸರು, ಟ್ಯೂಬ್‌ಲೈಟಿನ ಹಳೇ ಚೋಕು ಇರಬಹುದು, ಅಲ್ವಾ? ಇವು ನಾಲ್ಕೂ ಬಿಚ್ಚಲು ಒಳ್ಳೆಯವು.

ಬೇಕಾದದ್ದು ಸ್ಕ್ರೂಡ್ರೈವರು, ಸ್ಪ್ಯಾನರು, ಕಟ್ಟಿಂಗ್ ಪ್ಲೇಯರು, ಸುತ್ತಿಗೆ, ಒಂದು ಉಳಿ, ದಪ್ಪ ಕೈಗವಸು, ಕನ್ನಡಕ. ಎಲ್ಲಕ್ಕಿಂತ ಮುಖ್ಯ ಒಂದು ಮ್ಯಾಗ್ನೆಟ್. ಹಾಳಾದ ಸ್ಪೀಕರಿನ ಹಿಂದೆ ಇರುವುದೇ ಸಾಕು. ಅದು ಅಂಟಿದರೆ ಕಬ್ಬಿಣ. ಅಂಟದಿದ್ದರೆ ಬಣ್ಣ ನೋಡಿ: ಕೆಂಪು ತಾಮ್ರ, ಹಳದಿ ಹಿತ್ತಾಳೆ, ಬಿಳಿ ಮತ್ತು ಹಗುರವಾದರೆ ಅಲ್ಯೂಮಿನಿಯಂ. ಮಿಕ್ಸಿ ಜಾರಿನಂಥ ಸ್ಟೀಲಿಗೂ ಸಾಮಾನ್ಯವಾಗಿ ಮ್ಯಾಗ್ನೆಟ್ ಅಂಟುವುದಿಲ್ಲ, ಅದಕ್ಕೂ ಬೇರೆ ರೇಟು.

ಫ್ಯಾನಿನಿಂದ ಶುರು ಮಾಡಿ. ರೆಕ್ಕೆ ಬಿಚ್ಚಿ ಪಕ್ಕಕ್ಕಿಡಿ. ಮೇಲಿನ ಕಪ್ಪಿನೊಳಗೆ ಹೆಬ್ಬೆರಳಿನಷ್ಟು ದೊಡ್ಡ ಕಂಡೆನ್ಸರ್ ಇರುತ್ತದೆ. ಅದರ ಎರಡು ವಯರನ್ನೂ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಒಂದಕ್ಕೊಂದು ತಾಗಿಸಿ, ಉಳಿದ ಕರೆಂಟು ಹೋಗಲಿ, ಆಮೇಲೆ ಕತ್ತರಿಸಿ. ಈಗ ನಡುವಿನ ಡಬ್ಬಿಯ ಸ್ಕ್ರೂ. ಅದು ತುಕ್ಕು ಹಿಡಿದು ಜಪ್ಪಯ್ಯ ಅನ್ನುವುದಿಲ್ಲ. ಹಿಂದಿನ ರಾತ್ರಿಯೇ ಸೀಮೆಎಣ್ಣೆಯೋ ತೆಂಗಿನೆಣ್ಣೆಯೋ ಎರಡು ಹನಿ ಬಿಟ್ಟಿಡಿ. ಆಮೇಲೆ ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಸುತ್ತಲೂ ಬಡಿದರೆ ಡಬ್ಬಿ ಎರಡು ಹೋಳಾಗುತ್ತದೆ.

ಒಳಗೆ ಚಕ್ರದ ಹಾಗೆ ಕಾಣುವ ಕಬ್ಬಿಣದ ತಗಡಿನ ಕಟ್ಟು, ಅದರ ಸಂದುಗಳಲ್ಲಿ ಸುತ್ತಿದ ಕಾಯಿಲ್. ಇದನ್ನು ಬೆರಳಲ್ಲಿ ಎಳೆಯಲು ಹೋಗಬೇಡಿ. ವಾರ್ನಿಷ್ ಕುಡಿದು ಕಲ್ಲಾಗಿರುತ್ತದೆ, ನೂಲಿನಲ್ಲಿ ಬಿಗಿದೂ ಇರುತ್ತದೆ. ಒಂದು ಬದಿಯ ಕಾಯಿಲನ್ನು ಉಳಿ ಇಟ್ಟು ಕಬ್ಬಿಣದ ಮಟ್ಟಕ್ಕೆ ಕಡಿದು ಹಾಕಿ, ಇನ್ನೊಂದು ಬದಿಯಿಂದ ಪ್ಲೇಯರಿನಲ್ಲಿ ಹಿಡಿದು ಎಳೆಯಿರಿ. ಒಂದೊಂದೇ ಸಂದಿನಿಂದ ಕಾಗದ ಸಮೇತ ಕೂದಲಿನ ಕಂತೆಯ ಹಾಗೆ ಹೊರಗೆ ಬರುತ್ತದೆ. ಆ ಕಾಗದ, ನೂಲು ಬಿಡಿಸಿಬಿಡಿ, ಇಲ್ಲದಿದ್ದರೆ ಅಂಗಡಿಯಲ್ಲಿ ಅದರ ನೆಪದಲ್ಲಿ ಎರಡು ಕಾಸು ಕಡಿಮೆ ಮಾಡುತ್ತಾರೆ. ನಮ್ಮ ಎರಡು ಹಳೇ ಫ್ಯಾನು ಸೇರಿ ಅರ್ಧ ಕೆಜಿ ಹತ್ತಿರ ಬಂತು. ಅಷ್ಟಕ್ಕೆ ಒಂದು ಮಧ್ಯಾಹ್ನ ಬೇಕಾ ಅಂತ ಮನೆಯಲ್ಲಿ ಕೇಳಿದರು. ಎರಡನೇ ಫ್ಯಾನಿಗೆ ಅರ್ಧ ಗಂಟೆ ಸಾಕಾಯಿತು.

ಇಲ್ಲೊಂದು ಮೋಸ ಉಂಟು. ಅಗ್ಗದ ಫ್ಯಾನು, ಸ್ಟೆಬಿಲೈಸರುಗಳಲ್ಲಿ ಅಲ್ಯೂಮಿನಿಯಂ ತಂತಿ ಸುತ್ತಿರುತ್ತಾರೆ, ಮೇಲಿನ ಎನಾಮಲ್ ಮಾತ್ರ ತಾಮ್ರದ ಬಣ್ಣದ್ದು. ಬ್ಲೇಡಿನಲ್ಲಿ ಕೆರೆದು ನೋಡಿ. ಕಡಿದ ತುದಿ ಬೆಳ್ಳಗಿದ್ದರೆ ಅಷ್ಟೇ ಕಥೆ. ಕೈಗೂ ತಿಳಿಯುತ್ತದೆ, ಒಂದೇ ಗಾತ್ರದಲ್ಲಿ ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಸ್ವಲ್ಪ ಜಾಸ್ತಿ ಭಾರ. ಡಿಶ್ ಕೇಬಲಿನ ನಡುವಿನ ತಂತಿಯೂ ಹೀಗೆಯೇ, ನೋಡಲು ಚೊಕ್ಕ ತಾಮ್ರ, ಮ್ಯಾಗ್ನೆಟ್ ಹಿಡಿದರೆ ಎಷ್ಟೋ ಸಲ ಟಪ್ಪಂತ ಅಂಟುತ್ತದೆ. ಒಳಗೆ ಸ್ಟೀಲು, ಮೇಲೆ ತಾಮ್ರದ ಲೇಪ.

ಮಿಕ್ಸಿಯಲ್ಲಿ ಹೊರಗಿನ ಕಾಯಿಲ್ ಸುಲಭ. ನಡುವೆ ತಿರುಗುವ ಆರ್ಮೇಚರಿನಲ್ಲೂ ತಾಮ್ರ ಇದೆ, ಆದರೆ ತೆಗೆಯುವಷ್ಟರಲ್ಲಿ ಬೆರಳು ಹರಿಯುತ್ತದೆ. ಅದನ್ನು ಇಡಿಯಾಗಿ ಬೇರೆ ಚೀಲಕ್ಕೆ ಹಾಕಿ. ಗುಜರಿಯವರು ಕಬ್ಬಿಣಕ್ಕಿಂತ ಜಾಸ್ತಿ ಕೊಡುತ್ತಾರೆ. ಹಳೇ ಗೀಸರು ಸಿಕ್ಕಿದರೆ ಬಿಡಬೇಡಿ, ಕೆಲವದರ ಒಳಗಿನ ಟ್ಯಾಂಕೇ ತಾಮ್ರದ್ದು.

ಇನ್ನು ವಯರು. ಇದನ್ನು ಸುಡಬೇಡಿ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಬಚ್ಚಲ ಒಲೆ ಉರಿಯುತ್ತಿರುತ್ತದೆ, ಮಡಲಿನ ಜೊತೆ ಇದನ್ನೂ ತೂರಿದರೆ ಐದು ನಿಮಿಷದ ಕೆಲಸ ಅಂತ ಆಸೆಯಾಗುತ್ತದೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್ ಬರುತ್ತವೆ. ಅದೇ ಒಲೆಯ ಬೂದಿಯನ್ನು ನಾಳೆ ಬಸಳೆಯ ಬುಡಕ್ಕೆ ಹಾಕುವವರೂ ನಾವೇ. ಸುಟ್ಟು ಕಪ್ಪಾದ ತಾಮ್ರಕ್ಕೆ ರೇಟೂ ಕಡಿಮೆ. ದಪ್ಪ ವಯರನ್ನು ಹಲಗೆಗೆ ಒತ್ತಿ ಹಿಡಿದು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರೆ ಸಿಪ್ಪೆ ಬಾಳೆಹಣ್ಣಿನ ಹಾಗೆ ಬಿಡುತ್ತದೆ. ಚಾರ್ಜರಿನ ಸಣ್ಣ ವಯರು ಸುಲಿಯುವುದು ಸುಮ್ನೆ ದಂಡ, ಹಾಗೇ ಕೊಡಿ.

ಮುಟ್ಟಬಾರದ್ದು ಮೂರು. ಒಂದು ಮೈಕ್ರೋವೇವ್. ಪ್ಲಗ್ ತೆಗೆದ ಮೇಲೂ ಅದರ ಕಂಡೆನ್ಸರಿನಲ್ಲಿ ಜೀವ ತೆಗೆಯುವಷ್ಟು, ಎರಡು ಸಾವಿರ ವೋಲ್ಟಿನ ಆಸುಪಾಸು ಉಳಿದಿರಬಹುದು. ಎರಡು ಡಬ್ಬಾ ಟಿವಿ, ಅದರ ಟ್ಯೂಬಿನ ಗಾಜಿನಲ್ಲಿ ಸೀಸ ಇದೆ, ಒಳಗೆ ಗಾಳಿಯಿಲ್ಲದ್ದರಿಂದ ಒಡೆದರೆ ಚೂರು ಮುಖಕ್ಕೇ ಹಾರುತ್ತದೆ. ಮೂರು ಫ್ರಿಜ್. ಕಂಪ್ರೆಸರಿನಲ್ಲಿ ತಾಮ್ರ ಉಂಟು ಅಂತ ಗ್ರೈಂಡರ್ ಹಿಡಿದು ಹೋಗಬೇಡಿ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿರುವ ಆರ್-600ಎ ಗ್ಯಾಸು ಬೆಂಕಿ ಹಿಡಿಯುವಂಥದ್ದು. ತುಂಬ ಹಳೇದರಲ್ಲಿ ಓಝೋನ್ ಹಾಳು ಮಾಡುವ ಆರ್-12 ಇರುತ್ತದೆ. ಈ ಮೂರನ್ನೂ ಇಡಿಯಾಗಿಯೇ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ, ಅಥವಾ ಹೊಸದು ಕೊಳ್ಳುವಾಗ ಎಕ್ಸ್‌ಚೇಂಜಿಗೆ ಹಾಕಿ. ಇನ್ವರ್ಟರ್ ಬ್ಯಾಟರಿಯೂ ಬ್ಯಾಟರಿ ಅಂಗಡಿಗೇ ಹೋಗಲಿ.

ಪಂಪಿನ ಮೋಟರು ಮತ್ತೆ ವೈಂಡಿಂಗಿಗೆ ಕೊಡುವುದಾದರೆ ಹಳೇ ಕಾಯಿಲ್ ಎಷ್ಟು ತೂಗಿತು, ಬಿಲ್ಲಿನಲ್ಲಿ ಎಷ್ಟು ಕಳೆದಿರಿ ಅಂತ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಮಾರುವ ದಿನ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸ್ಟೀಲು, ಕಬ್ಬಿಣ ಬೇರೆ ಬೇರೆ ಚೀಲದಲ್ಲಿರಲಿ. ಮನೆಯಲ್ಲೇ ತೂಗಿ ಚೀಟಿ ಬರೆದಿಡಿ. ಕುಂಬಳೆಯಲ್ಲಿ ಒಂದು ಕಡೆ, ಕಾಸರಗೋಡಿನಲ್ಲಿ ಒಂದು ಕಡೆ ಫೋನ್ ಮಾಡಿ ಆ ದಿನದ ರೇಟು ಕೇಳಿ. ನಮ್ಮಲ್ಲಿ ಗುಜರಿ ಅಂತೀವಿ, ಮಲಯಾಳದಲ್ಲಿ ಆಕ್ರಿ. ಆಕ್ರಿ ಅಂತ ಕೇಳಿದರೆ ಅಂಗಡಿ ಬೇಗ ಸಿಗುತ್ತದೆ. ಉಳಿದ ಪ್ಲಾಸ್ಟಿಕ್ಕನ್ನು, ಪಂಚಾಯತಿನ ಪರವಾಗಿ ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ಕೊಟ್ಟೆ. ಫ್ಯಾನಿನ ನಾಲ್ಕು ಬೇರಿಂಗ್ ಮಾತ್ರ ಮಗ ಯಾರಿಗೂ ಕೊಡಲಿಲ್ಲ, ಗಾಡಿ ಮಾಡುತ್ತಾನಂತೆ.