ಧೂಪದಾಳದ ಹಿನ್ನೀರಿನಲ್ಲಿ ಗುಂಪಾಗಿ ಹಕ್ಕಿ ನೋಡುವುದು ಹೇಗೆ

ಘಟಪ್ರಭಾ ಪಕ್ಷಿಧಾಮಕ್ಕೆ ಗುಂಪು ಕಟ್ಟಿಕೊಂಡು ಹೋದವರಲ್ಲಿ ಬಹಳಷ್ಟು ಮಂದಿ ಹಾರಿಹೋಗುವ ಹಕ್ಕಿಗಳ ಬೆನ್ನು ನೋಡಿ ವಾಪಸ್ ಬರುತ್ತಾರೆ. ಹಕ್ಕಿ ಕಡಿಮೆ ಇದ್ದವು ಅಂತಲ್ಲ. ತಡವಾಗಿ ಹೋಗಿರುತ್ತಾರೆ, ಇಲ್ಲವೇ ಎಲ್ಲರೂ ಒಮ್ಮೆಲೇ ದಂಡೆಗೆ ನುಗ್ಗಿರುತ್ತಾರೆ.

ಗೋಕಾಕ ತಾಲೂಕಿನ ಧೂಪದಾಳ ಬಂಧಾರದ (ನದಿಗೆ ಅಡ್ಡ ಕಟ್ಟಿದ ಒಡ್ಡಿನ) ಹಿಂದೆ ಘಟಪ್ರಭೆಯ ನೀರು ನಿಂತು, ನಡುಗಡ್ಡೆಗಳೆದ್ದು ಆದ ಜಾಗ ಇದು. 1974ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾಯಿತು; ವಿಸ್ತಾರ 29.78 ಚದರ ಕಿಲೋಮೀಟರ್. ಡೆಮೊಸೆಲ್ ಕ್ರೌಂಚ, ಬಿಳಿ ಕೊಕ್ಕರೆಯಂಥ ವಲಸೆ ಹಕ್ಕಿಗಳಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹಂಗಾಮು. ಮೊದಲ ಸಲ ಗುಂಪು ಒಯ್ಯುವವರು ಜನವರಿ ಆರಿಸಿಕೊಳ್ಳುವುದು ಒಳ್ಳೆಯದು.

ಒಂದು ವಾರ ಮೊದಲೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಎಷ್ಟು ಜನ, ಯಾವ ದಿನ ಅಂತ ಹೇಳಿ ಅನುಮತಿ ಪಡೆಯಿರಿ. ಡ್ರೋನ್ ತರುವಂತಿಲ್ಲ ಅಂತ ಗುಂಪಿನವರಿಗೆ ಆಗಲೇ ಹೇಳಿಬಿಡಿ. ಹಿಂದಿನ ದಿನ ಒಬ್ಬರಾದರೂ ಹೋಗಿ ನೀರು ನೋಡಿ ಬರಲೇಬೇಕು. ಮೇಲೆ ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮಟ್ಟ ಏರಿ ಕೆಸರಿನ ಬಯಲು ಮುಳುಗುತ್ತದೆ. ಆಗ ಮೆಟ್ಟುಗಾಲು ಹಕ್ಕಿ, ಚಮಚಕೊಕ್ಕು, ಬಣ್ಣದ ಕೊಕ್ಕರೆಗಳು ಕಾಲೂರಲು ಜಾಗವಿಲ್ಲದೆ ಬೇರೆ ಕಡೆ ಹೋಗುತ್ತವೆ. ನಿನ್ನೆ ಹಕ್ಕಿ ತುಂಬಿದ್ದ ಜಾಗ ಇವತ್ತು ಖಾಲಿ ಕಾಣುವುದಕ್ಕೆ ಇದೇ ಕಾರಣ ಇರಬಹುದು.

ಒಬ್ಬ ಬಲ್ಲವರಿಗೆ ಹನ್ನೆರಡು ಜನ ಸಾಕು. ಇಪ್ಪತ್ತೈದು ಜನ ಬಂದರೆ ಎರಡು ಗುಂಪು ಮಾಡಿ, ಎರಡು ದಿಕ್ಕಿಗೆ ಕಳಿಸಿ. ಪ್ರತಿ ಗುಂಪಿಗೂ ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು, ಬರೆದುಕೊಳ್ಳಲು ಒಬ್ಬರು ಇರಬೇಕು. ಮುಂದಿನವರನ್ನು ಯಾರೂ ದಾಟುವಂತಿಲ್ಲ, ಕ್ಯಾಮೆರಾದವರಂತೂ ದಾಟಲೇಬಾರದು. ಉದ್ದ ಲೆನ್ಸ್ ಇದ್ದವರೇ ಇನ್ನೂ ಹತ್ತು ಹೆಜ್ಜೆ ಹತ್ತಿರ ಹೋಗಲು ನೋಡುತ್ತಾರೆ, ಯಾಕೋ ತಿಳಿಯದು.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 7 ಗಂಟೆಗೆ. 6:30ಕ್ಕೆ ದಂಡೆಯ ಮೇಲಿರಬೇಕು, ಏಕೆಂದರೆ ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತು ಕಳೆದ ಕ್ರೌಂಚಗಳು ಬೆಳಕು ಹರಿಯುತ್ತಲೇ ಹೊಲಗಳಿಗೆ ಹಾರುತ್ತವೆ. 8 ಗಂಟೆಗೆ ಬಂದವರಿಗೆ ಖಾಲಿ ನೀರು. ಬೆಳಗಾವಿಯಿಂದ ಬರುವವರು ದಾರಿಗೆ ಎರಡು ತಾಸು ಇಟ್ಟುಕೊಳ್ಳಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ಹೋಗುತ್ತಿರುತ್ತವೆ, ಅವಸರ ಮಾಡಬೇಡಿ. ಗಾಡಿಗಳನ್ನು ದೂರದಲ್ಲೇ ನಿಲ್ಲಿಸಿ, ಬಾಗಿಲು ಬಡಿಯದೆ ಒತ್ತಿ ಮುಚ್ಚಿ.

ಬಿಳಿ ಅಂಗಿ, ಕೆಂಪು ಸ್ವೆಟರ್ ಬೇಡ. ಖಾಕಿ, ಮಣ್ಣಿನ ಬಣ್ಣ, ಮಾಸಿದ ಹಸಿರು ಸಾಕು.

ದುರ್ಬೀನು 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಇರುವಂಥದು) ಇದ್ದರೆ ಉತ್ತಮ. 10×50 ದೊಡ್ಡದಾಗಿ ತೋರಿಸುತ್ತದೆ ನಿಜ, ಆದರೆ ಭಾರ ಹೆಚ್ಚು, ಕೈ ನಡುಗಿದಷ್ಟೂ ಚಿತ್ರ ಕುಣಿಯುತ್ತದೆ. ಹೊಸಬರಿಗೆ ಹಕ್ಕಿ ನೋಟದೊಳಗೆ ಸಿಗುವುದೇ ಕಷ್ಟ. ಗಾಡಿಯಿಂದ ಇಳಿದ ಕೂಡಲೇ, ಹಕ್ಕಿ ಕಾಣುವ ಮೊದಲೇ, ಎಲ್ಲರ ದುರ್ಬೀನೂ ಹೊಂದಿಸಿಕೊಡಿ. ದೂರದ ವಿದ್ಯುತ್ ಕಂಬವೊಂದನ್ನು ಗುರಿ ಮಾಡಿ. ಬಲಗಡೆಯ ಗಾಜಿಗೆ ಅಂಗೈ ಅಡ್ಡ ಹಿಡಿದು, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಕಂಬ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರದ ಬಳೆಯನ್ನು ಮಾತ್ರ ತಿರುಗಿಸಬೇಕು. ಮುಂದೆ ದಿನವಿಡೀ ನಡುವಿನ ಚಕ್ರವೊಂದೇ ಸಾಕು. ಚಾಳೀಸು ಹಾಕಿದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ಒತ್ತಿಕೊಳ್ಳದಿದ್ದರೆ ಸಣ್ಣ ಕಿಂಡಿಯಷ್ಟೇ ಕಾಣುತ್ತದೆ. ಒಂದೇ ದುರ್ಬೀನನ್ನು ಇಬ್ಬರು ಬಳಸಿದರೆ ಬಳೆಯನ್ನು ಪ್ರತಿ ಸಲ ಹೊಂದಿಸಬೇಕು. “ನನಗೇನೂ ಕಾಣಾವಲ್ತರೀ” ಎನ್ನುವವರ ತೊಂದರೆ ಹೆಚ್ಚಾಗಿ ಇಷ್ಟೇ. ಸ್ಪಾಟಿಂಗ್ ಸ್ಕೋಪ್ (ಕಾಲುಗಂಬದ ಮೇಲೆ ನಿಲ್ಲಿಸಿ ನೋಡುವ ಒಂಟಿಗಣ್ಣಿನ ದೂರದರ್ಶಕ) ಇದ್ದರೆ 20 ಪಟ್ಟಿನಲ್ಲಿ ಹಕ್ಕಿ ಹುಡುಕಿ, ಬೇಕಿದ್ದರೆ ಏರಿಸಿ. 9 ಗಂಟೆಯ ನಂತರ ಬಿಸಿಲ ಝಳಕ್ಕೆ ಚಿತ್ರ ಅಲುಗಾಡತೊಡಗುತ್ತದೆ, ಏರಿಸಿ ಪ್ರಯೋಜನವಿಲ್ಲ.

ನದಿ ಇಲ್ಲಿ ಒಟ್ಟಾರೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ, ಚಳಿಗಾಲದ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಸಾಧ್ಯವಾದಲ್ಲೆಲ್ಲ ದಕ್ಷಿಣ ದಂಡೆಯಲ್ಲಿ ನಿಲ್ಲಿ. ಬೆಳಕು ಬೆನ್ನಿಗಿದ್ದು ಬಣ್ಣ ಕಾಣುತ್ತದೆ. ಎದುರು ಬಿಸಿಲಿಗೆ ನಿಂತರೆ ನೀರುಕಾಗೆ, ನಾಮದ ಕೋಳಿ, ಬಾತು ಎಲ್ಲವೂ ಒಂದೇ ಕಪ್ಪು. ಮಂಜು ಮುಸುಕಿದ್ದರೆ ಅದು ಕರಗುವವರೆಗೆ ದಂಡೆಯ ಗಿಡಗಳ ಪಿಕಳಾರ, ಕಳ್ಳಿಪೀರ, ಮಿಂಚುಳ್ಳಿ ನೋಡಿಸಿ.

ತೋರಿಸುವಾಗ “ಅಲ್ನೋಡ್ರಿ, ಅಲ್ಲೇ” ಅಂದರೆ ಯಾರಿಗೂ ಸಿಗುವುದಿಲ್ಲ. ಮೊದಲೇ ಎಲ್ಲರಿಗೂ ಕಾಣುವ ಎರಡು ಗುರುತು ಒಪ್ಪಿಕೊಳ್ಳಿ: ಒಂದು ಜಾಕ್‌ವೆಲ್ (ನದಿಯ ನೀರೆತ್ತುವ ಪಂಪ್ ಇರುವ ಬಾವಿಕಟ್ಟಡ), ಒಂದು ಒಣಗಿದ ಮರ. “ಜಾಕ್‌ವೆಲ್‌ನಿಂದ ಎಡಕ್ಕೆ, ನೀರಿನ ಅಂಚು, ಎರಡನೇ ಹಕ್ಕಿ” ಅಂದರೆ ಮುಗಿಯಿತು. ಕೈ ಎತ್ತಿ ತೋರಿಸಬೇಡಿ, ಹಕ್ಕಿಗೆ ಆ ಚಲನೆಯೇ ಸಾಕು ಹಾರಲು.

ಹತ್ತಿರ ಹೋಗುವಾಗ ಕ್ರೌಂಚದ ಕತ್ತು ನೋಡುತ್ತಿರಬೇಕು. ನಿಶ್ಚಿಂತೆಯ ಹಿಂಡಿನಲ್ಲಿ ಬಹುತೇಕ ತಲೆಗಳು ಕೆಳಗಿರುತ್ತವೆ, ಒಂದೆರಡು ಕಾವಲಿಗೆ ಮೇಲಿರುತ್ತವೆ. ನಾಲ್ಕೈದು ಕತ್ತು ಎದ್ದವು ಅಂದರೆ ನಿಲ್ಲಿ. ಎಲ್ಲ ಕತ್ತುಗಳೂ ನೆಟ್ಟಗಾಗಿ ಹಿಂಡು ಒಂದೇ ದಿಕ್ಕಿಗೆ ನಡೆಯತೊಡಗಿದರೆ ತಡವಾಗಿದೆ. ಕೂತುಬಿಡಿ, ಕೂತಲ್ಲೇ ಹಿಂದೆ ಸರಿಯಿರಿ. ಒಮ್ಮೆ ಎಬ್ಬಿಸಿದ ಹಿಂಡು ಆ ಬೆಳಿಗ್ಗೆ ಅಲ್ಲಿಗೇ ಮರಳುವ ಭರವಸೆ ಇಲ್ಲ. ಹಾರುವಾಗ ಕತ್ತು ಮುಂದಕ್ಕೆ ಚಾಚಿದ್ದರೆ ಕ್ರೌಂಚ ಅಥವಾ ಕೊಕ್ಕರೆ, ಮಡಚಿ ಹೆಗಲಿಗೆ ಒತ್ತಿಕೊಂಡಿದ್ದರೆ ಬೂದು ಬಕ. ನಿಂತಾಗ ಕಪ್ಪು ಕತ್ತು, ಎದೆಯಿಂದ ಇಳಿಬಿದ್ದ ಕಪ್ಪು ಗರಿ, ಕಣ್ಣಿನ ಹಿಂದೆ ಬಿಳಿ ಜುಟ್ಟು ಕಂಡರೆ ಡೆಮೊಸೆಲ್ ಕ್ರೌಂಚ.

ಹಿಂಡು ಕಡಲೆ ಹೊಲದಲ್ಲಿದ್ದರೆ ಮೊದಲು ಹೊಲದವರನ್ನು ಕೇಳಿ: “ಕಾಕಾ, ನಿಮ್ಮ ಬದುವಿನ ಮ್ಯಾಲೆ ನಿಂದ್ರಲೇನ್ರೀ?” ಬದು ಬಿಟ್ಟು ಬೆಳೆಯೊಳಗೆ ಕಾಲಿಡಬೇಡಿ. ಅವರು ಬೆಳೆ ಉಳಿಸಿಕೊಳ್ಳಲು ಹಕ್ಕಿ ಓಡಿಸುತ್ತಿದ್ದರೆ ಅಲ್ಲಿ ಉಪದೇಶ ಬೇಡ.

ನೀರಿಗೆ ಯಾರೂ ಇಳಿಯಬಾರದು, ಬಂಧಾರದ ಗೋಡೆ ಹತ್ತಬಾರದು. ಒಣಗಿದಂತೆ ಕಾಣುವ ಕೆಸರು ಮೊಣಕಾಲವರೆಗೆ ಹೂಳುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಚ್ಚಿ ಕರೆಯುವುದೂ ಬೇಡ.

ಎಣಿಕೆಯನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಲಿ. ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ, ಆ ಹತ್ತು ಹಿಡಿಯುವ ಜಾಗ ಕಣ್ಣಳತೆ ಮಾಡಿ, ಅದೇ ಅಳತೆಯನ್ನು ಹಿಂಡಿನುದ್ದಕ್ಕೂ ಸರಿಸುತ್ತ ಹೋಗಬೇಕು. ಒತ್ತಾಗಿ ಕೂತ ಹಿಂಡಿನಲ್ಲಿ ಹಿಂದಿನವು ಮುಂದಿನವುಗಳ ಮರೆಯಲ್ಲಿರುವುದರಿಂದ ಲೆಕ್ಕ ಕಡಿಮೆ ಬರುತ್ತದೆ. ಒಬ್ಬರಿಗೆ 120, ಇನ್ನೊಬ್ಬರಿಗೆ 200 ಬಂದರೆ ಸರಾಸರಿ ತೆಗೆಯದೆ ಮತ್ತೆ ಎಣಿಸಿ. ಹಾರುತ್ತಿರುವವನ್ನು ಮೊದಲು, ಕೂತವನ್ನು ಆಮೇಲೆ.

9:30ಕ್ಕೆ ದಂಡೆಯಿಂದ ದೂರ, ಮರದ ನೆರಳಿನಲ್ಲಿ ನಾಷ್ಟಾಕ್ಕೆ ಕೂತಾಗಲೇ ಪಟ್ಟಿ ಓದಿಸಿ. ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುವುದಾದರೆ ಒಬ್ಬರೇ ಪಟ್ಟಿ ಮಾಡಿ ಉಳಿದವರಿಗೆ ಹಂಚಬೇಕು. ಹನ್ನೆರಡು ಜನ ಹನ್ನೆರಡು ಪಟ್ಟಿ ಹಾಕಿದರೆ ಒಂದೇ ಹಿಂಡು ಹನ್ನೆರಡು ಸಲ ಲೆಕ್ಕಕ್ಕೆ ಬರುತ್ತದೆ. ಹಿನ್ನೀರಿನ ಪಟ್ಟಿ ಬೇರೆ, ಹೊಲದ ಪಟ್ಟಿ ಬೇರೆ ಇರಲಿ. ಗುರುತು ಸಿಗದ ಬಾತನ್ನು ಊಹೆಯ ಹೆಸರಿನಿಂದ ಸೇರಿಸದೆ “ಬಾತು, ಜಾತಿ ಗೊತ್ತಿಲ್ಲ” ಅಂತಲೇ ಬರೆದು, ಫೋಟೋ ಇದ್ದರೆ ಜೊತೆಗೆ ಹಾಕಿ.